ಸುಸ್ತು ಹೋಗಲಿ ಎಂದು ಕೂರಬೇಡಿ

"ಹದಿನೈದು ದಿನ ಕೂತೆ ಡಾಕ್ಟ್ರೇ, ಸುಸ್ತು ಎಂತದೂ ಕಮ್ಮಿ ಆಗ್ಲಿಲ್ಲ."

ಸಂಧಿವಾತ, ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿ ಬೀಳುವ ಕಾಯಿಲೆ) ಎಂದು ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರಿಗೆ ಕೂತು ಉಸಿರು ಗಮನಿಸುವ ಅಭ್ಯಾಸ (ಮೈಂಡ್‌ಫುಲ್‌ನೆಸ್) ಹೇಳಿಕೊಟ್ಟರೆ, ಎರಡನೇ ಸಲ ಬಂದಾಗ ಹೇಳುವ ಮಾತು ಇದೇ. ಕೂತು ಎಂತ ಮಾಡಿದ್ರಿ ಎಂದರೆ, "ಸುಸ್ತು ಹೋಗ್ಲಿ, ಹೋಗ್ಲಿ ಅಂದ್ಕೊಂಡೆ" ಎನ್ನುತ್ತಾರೆ. ಎಷ್ಟು ಸಲ ಹೇಳಿದರೂ ಇದೊಂದು ತಲೆಗೆ ಹೋಗುವುದಿಲ್ಲ. ಸುಸ್ತು ಮೈಗೆ ಹತ್ತುವ ಹೊತ್ತನ್ನು ಹಿಡಿಯುವುದಕ್ಕೆ ಈ ಅಭ್ಯಾಸ. ಹೋಗಲಿ ಎಂದು ಗುದ್ದಾಡಿದರೆ ಅದೂ ಒಂದು ಆಯಾಸವೇ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಎಂಬ ವಿಜ್ಞಾನಿ ಈ ಕ್ರಮ ಶುರುಮಾಡಿದ್ದು ವಾಸಿಯಾಗದ ನೋವಿನ ಜೊತೆ ಬದುಕುತ್ತಿದ್ದವರಿಗಾಗಿ. 2010ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮೆದುಳು-ನರಗಳ ಕಾಯಿಲೆ ಇದ್ದ 150 ಮಂದಿ ಇದ್ದರು. 8 ವಾರ ಅಭ್ಯಾಸ ಮಾಡಿದವರಿಗೆ ಸುಸ್ತು ಇಳಿದಿತ್ತು, ಆರು ತಿಂಗಳ ನಂತರವೂ. ಆದರೆ ಹೋಲಿಸಿದ್ದು ಮಾಮೂಲಿ ಚಿಕಿತ್ಸೆಯ ಜೊತೆ ಮಾತ್ರ, ಇಳಿದದ್ದು ಈ ಅಭ್ಯಾಸದಿಂದಲೇ ಎಂದು ಗಟ್ಟಿಯಾಗಿ ಹೇಳಲಾಗದು. ಹಾಗಾಗಿ ನಾನು ಯಾರಿಗೂ ಖಾತ್ರಿ ಕೊಡುವುದಿಲ್ಲ. ಸುಸ್ತು ಹೊಸದಾಗಿದ್ದರೆ, ಇದ್ದಕ್ಕಿದ್ದಂತೆ ಏರಿದ್ದರೆ, ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಶುಗರ್ ನೋಡಿಸಿ. ಮಾತ್ರೆ ನಿಲ್ಲಿಸಬೇಡಿ.

ತೀರ್ಥಹಳ್ಳಿ ಕಡೆಯ ಒಬ್ಬರು ಅಮ್ಮ ಬರುತ್ತಾರೆ, ಸಂಧಿವಾತ. ಅಡಿಕೆ ಸುಲಿತದ ಕಾಲದಲ್ಲಿ ಮೈ ಹಗುರ ಅನಿಸಿದ ದಿನ ಮೆಟ್ಟುಗತ್ತಿ ಮುಂದೆ ಕೂತರೆ ನಡುರಾತ್ರಿಯವರೆಗೂ ಏಳುತ್ತಿರಲಿಲ್ಲ. ಆಮೇಲೆ ಮೂರು ದಿನ ಹಾಸಿಗೆ. ಮಲೆನಾಡಿನ ಹೆಂಗಸರಿಗೆ ಕೆಲಸ ಅರ್ಧಕ್ಕೆ ಬಿಟ್ಟು ಏಳಿ ಅಂದರೆ ಅವಮಾನ ಮಾಡಿದ ಹಾಗೆ, ಅದು ನನಗೂ ಗೊತ್ತು. ಅದಕ್ಕೇ ಕೆಲಸ ಬಿಡಿ ಎನ್ನಲಿಲ್ಲ. ಬುಟ್ಟಿ ತುಂಬಿದಾಗೆಲ್ಲ ಕೈ ನಿಲ್ಲಿಸಿ, ಮೂರು ಉಸಿರು ನೋಡಿ, ಪಾದದಿಂದ ನೆತ್ತಿಯವರೆಗೆ ಮೈ ಹೇಗಿದೆ ಅಂತ ಗಮನಿಸಿ, ಏನನ್ನೂ ಸರಿಮಾಡಲು ಹೋಗಬೇಡಿ ಎಂದೆ.

ಎರಡು ವಾರದ ಮೇಲೆ ಬಂದವರು, "ಕೈ ನೋಯೋಕೆ ಮುಂಚೆ ನಂಗೆ ದವಡೆ ಬಿಗಿಯತ್ತೆ ಡಾಕ್ಟ್ರೇ. ಮೊಮ್ಮಗನ ಮೇಲೆ ರೇಗ್ತೀನಿ" ಎಂದರು. ಹತ್ತು ವರ್ಷದ ಕಾಯಿಲೆಯಲ್ಲಿ ನನ್ನ ಯಾವ ಪರೀಕ್ಷೆಗೂ ಸಿಕ್ಕದ ಸುಳಿವು ಅದು.

ಈಗ ದವಡೆ ಬಿಗಿದ ಕೂಡಲೇ ಎದ್ದು ಜಗುಲಿಯಲ್ಲಿ ಹತ್ತು ನಿಮಿಷ ಮಲಗುತ್ತಾರೆ. ಮಗ ಬುಟ್ಟಿ ಈಚೆ ಎಳೆದುಕೊಳ್ಳುತ್ತಾನಂತೆ. ಕಳೆದ ಸುಲಿತದಲ್ಲಿ ಪೂರ್ತಿ ಹಾಸಿಗೆ ಹಿಡಿದದ್ದು ಒಂದೇ ದಿನ. ಮಾತ್ರೆ ಅದೇ ಇದೆ, ಸುಸ್ತೂ ಇದೆ.