ಮಳೆಗಾಲದಲ್ಲಿ ಹವಳದ ಟ್ಯಾಂಕಿಗೆ ಎಷ್ಟು ಸುಣ್ಣ, ಎಷ್ಟು ಸೋಡಾ?

ಸಮುದ್ರದ ನೀರಿನ ಟ್ಯಾಂಕುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಜುಲೈ ಬಂತೆಂದರೆ ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಒಂದೇ ಬಗೆಯ ಫೋನ್ ಬರಲು ಶುರು. "ಮೇ ತನಕ ಎಲ್ಲ ಸರಿ ಇತ್ತು. ಹಾಕೋದು ಅದೇ, ಅಳತೆನೂ ಅದೇ. ಈಗ ಅಲ್ಕಲಿನಿಟಿ ಇಳೀತಾನೇ ಇದೆ. ಕ್ಯಾಲ್ಸಿಯಂ ಜಾಸ್ತಿ ಹಾಕ್ಲಾ?"

ಅಲ್ಕಲಿನಿಟಿ ಅಂದರೆ ನೀರಿನಲ್ಲಿ ಕರಗಿರುವ, ಹುಳಿಯನ್ನು ತಡೆಯುವ ಬೈಕಾರ್ಬೊನೇಟ್, ಕಾರ್ಬೊನೇಟ್‌ಗಳ ಲೆಕ್ಕ. ಏನನ್ನೂ ಹಾಕುವ ಮೊದಲು ನೀರಿನ ಉಪ್ಪು ಎಷ್ಟಿದೆ ನೋಡಿ. 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು) ಉಪ್ಪಿರುವ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 415 ಪಿಪಿಎಂ (ಹತ್ತು ಲಕ್ಷ ಪಾಲಿಗೆ 415 ಪಾಲು), ಮೆಗ್ನೀಶಿಯಂ 1280ರ ಆಸುಪಾಸು, ಅಲ್ಕಲಿನಿಟಿ 7 ಡಿಕೆಎಚ್‌ಗೆ (ಡಿಕೆಎಚ್ ಅಂದರೆ ಅಲ್ಕಲಿನಿಟಿಯ ಅಳತೆ) ಹತ್ತಿರ ಇರುತ್ತದೆ. ಉಪ್ಪು 28ಕ್ಕೆ ಇಳಿದರೆ ಕ್ಯಾಲ್ಸಿಯಂ 330ಕ್ಕೆ, ಮೆಗ್ನೀಶಿಯಂ 1030ರ ಹತ್ತಿರಕ್ಕೆ ಬರುತ್ತದೆ. ಕಾರವಾರದಲ್ಲಿ ದಡದಿಂದಲೇ ನೀರು ತರುವವರಿದ್ದಾರೆ. ಬೇಸಿಗೆಯಲ್ಲಿ ಅದು ನಡೆಯುತ್ತದೆ. ಆದರೆ ಮಳೆಗಾಲದಲ್ಲಿ ಕಾಳಿ ನದಿ ತುಂಬಿ ಬಂದು ಕೋಡಿಬಾಗದ ಹತ್ತಿರ ಸಮುದ್ರ ಸೇರುತ್ತದಲ್ಲ, ಆಗ ದಡದ ನೀರು ಸಮುದ್ರದ ನೀರಾಗಿ ಉಳಿದಿರುವುದಿಲ್ಲ. ಆ ನೀರಿಗೆ ಕ್ಯಾಲ್ಸಿಯಂ ಸುರಿದು 420 ಮಾಡಿ, ಆಮೇಲೆ ಉಪ್ಪು ಕಡಿಮೆ ಇದೆ ಅಂತ ಗೊತ್ತಾಗಿ ಉಪ್ಪು ಬೆರೆಸಿ 35ಕ್ಕೆ ತಂದರೆ ಕ್ಯಾಲ್ಸಿಯಂ 500 ದಾಟಿ ಕೂತಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ದಡದ ನೀರು ಬೇಡವೇ ಬೇಡ. ಆರ್‌ಒ ನೀರಿಗೆ ಸಮುದ್ರದ ಅಕ್ವೇರಿಯಂಗೆಂದೇ ಸಿಗುವ ಉಪ್ಪು ಬೆರೆಸಿಯೇ ನೀರು ಮಾಡಿಕೊಳ್ಳಿ. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು 35 ಪಿಪಿಟಿಯ ದ್ರಾವಣ ಇಟ್ಟೇ ಸರಿಹೊಂದಿಸಿ. ಬಾವಿ ನೀರು ಹಾಕಿ ಸೊನ್ನೆಗೆ ತಂದುಕೊಂಡರೆ ಸಾಲದು.

ಉಪ್ಪು ಸರಿ ಇದ್ದರೆ ಮುಂದೆ ನೋಡಬೇಕಾದ್ದು ಅಲ್ಕಲಿನಿಟಿ. ಗಟ್ಟಿ ಹವಳ ತನ್ನ ಅಸ್ಥಿಯನ್ನು ಕಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ. ನಮ್ಮ ಅಘನಾಶಿನಿ ಅಳಿವೆಯ ಬಳಚು ಚಿಪ್ಪು ಕಟ್ಟುವುದೂ ಅದರಿಂದಲೇ. ಹೀಗೆ ಕಟ್ಟುವಾಗ 1 ಡಿಕೆಎಚ್ ಅಲ್ಕಲಿನಿಟಿ ಖರ್ಚಾದರೆ ಜೊತೆಗೆ ಕ್ಯಾಲ್ಸಿಯಂ ಸುಮಾರು 7 ಪಿಪಿಎಂ ಮಾತ್ರ ಖರ್ಚಾಗುತ್ತದೆ. 420ರಲ್ಲಿ 7 ಹೋದರೆ ನಮ್ಮ ಟೆಸ್ಟ್ ಕಿಟ್‌ಗೆ ಅದು ಗೊತ್ತೂ ಆಗುವುದಿಲ್ಲ. 8ರಲ್ಲಿ 1 ಹೋದರೆ ಹವಳಕ್ಕೇ ಗೊತ್ತಾಗುತ್ತದೆ. ಅದಕ್ಕೇ ಕ್ಯಾಲ್ಸಿಯಂ ವಾರಕ್ಕೊಮ್ಮೆ ನೋಡಿದರೆ ಸಾಕು, ಅಲ್ಕಲಿನಿಟಿಯನ್ನು ಎರಡು ಮೂರು ದಿನಕ್ಕೊಮ್ಮೆ ನೋಡಬೇಕು ಅನ್ನುವುದು. ಅದು 7.5 ಇರಲಿ, 9 ಇರಲಿ, ಒಂದೇ ಕಡೆ ನಿಂತಿದ್ದರೆ ಹವಳ ಚೆನ್ನಾಗಿಯೇ ಇರುತ್ತದೆ. ಇವತ್ತು 7, ನಾಳೆ 10, ನಾಡಿದ್ದು 8 ಅಂತ ಆಡಿದರೆ ಹವಳದ ತುದಿ ಸುಟ್ಟಂತಾಗುತ್ತದೆ. ಇಳಿದಿದ್ದರೂ ದಿನಕ್ಕೆ 1 ಡಿಕೆಎಚ್‌ಗಿಂತ ಜಾಸ್ತಿ ಏರಿಸಬೇಡಿ.

ಎಷ್ಟು ಹಾಕಬೇಕು ಅನ್ನುವುದನ್ನು ಬಾಟಲಿಯ ಮೇಲಿನ ಚೀಟಿ ಹೇಳಲಾರದು. ನಿಮ್ಮ ಟ್ಯಾಂಕೇ ಹೇಳಬೇಕು. ಎರಡು ದಿನ ಏನೂ ಹಾಕದೆ ಬಿಡಿ. ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಅಳೆದಿದ್ದರೆ ಮೂರನೇ ದಿನವೂ ಎಂಟಕ್ಕೇ ಅಳೆಯಿರಿ. 8.4 ಇದ್ದದ್ದು 7.6 ಆಗಿದ್ದರೆ ದಿನದ ಖರ್ಚು 0.4. ಅಡುಗೆ ಸೋಡಾ 3 ಗ್ರಾಂ ಹಾಕಿದರೆ 100 ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರುತ್ತದೆ. ಹಾಗಾಗಿ 200 ಲೀಟರ್ ಟ್ಯಾಂಕಿಗೆ ದಿನಕ್ಕೆ 2.4 ಗ್ರಾಂ ಸೋಡಾ, ಅದಕ್ಕೆ ಜೊತೆಯಾಗಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಸಾಕು. ಬೇಕಿಂಗ್ ಪೌಡರ್ ಹಾಕಬೇಡಿ, ಅದರಲ್ಲಿ ಹುಳಿ ಪದಾರ್ಥ, ಪಿಷ್ಟ ಎಲ್ಲ ಸೇರಿರುತ್ತದೆ. ಸೋಡಾ ಮತ್ತು ಕ್ಯಾಲ್ಸಿಯಂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಬೀಳಬಾರದು. ಬಿದ್ದರೆ ಅಲ್ಲೇ ಬೆಳ್ಳಗೆ ಒಡೆದು ಎರಡೂ ವ್ಯರ್ಥ. ಮೆತ್ತನೆ ಹವಳ ಮಾತ್ರ ಇಟ್ಟವರಿಗೆ ಇದ್ಯಾವುದೂ ಬೇಡ. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ಆಯಿತು. ಅಳತೆಯಷ್ಟು ತಾನಾಗಿ ಹಾಕುವ ಡೋಸಿಂಗ್ ಪಂಪಿಗೆ ದುಡ್ಡು ಹಾಕುವ ಮೊದಲು ಇದನ್ನು ಯೋಚಿಸಿ.

ಇನ್ನು ಜುಲೈ ಫೋನಿನ ವಿಷಯ. ನಮ್ಮ ಕಡೆ ಬಹಳ ಜನ ಸುಣ್ಣದ ತಿಳಿನೀರನ್ನೇ ನೆಚ್ಚಿಕೊಂಡಿದ್ದಾರೆ. ಅದು ಅಗ್ಗ, ಕ್ಯಾಲ್ಸಿಯಂ ಮತ್ತು ಅಲ್ಕಲಿನಿಟಿ ಎರಡನ್ನೂ ಹವಳಕ್ಕೆ ಬೇಕಾದ ಲೆಕ್ಕದಲ್ಲೇ ಕೊಡುತ್ತದೆ. ಒಂದು ಲೀಟರ್ ಆರ್‌ಒ ನೀರಿಗೆ 2 ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕಲಕಿ, ತಳ ಕಟ್ಟಲು ಬಿಟ್ಟು, ಮೇಲಿನ ತಿಳಿಯನ್ನು ತೆಗೆದು, ಆವಿಯಾದ ನೀರಿನ ಬದಲಿಗೆ ತೊಟ್ಟು ತೊಟ್ಟಾಗಿ ಬಿಡುತ್ತಾರೆ. ಆದರೆ ಎಷ್ಟು ನೀರು ಆವಿಯಾಗುತ್ತದೋ ಅಷ್ಟೇ ಸುಣ್ಣ ಒಳಗೆ ಹೋಗುತ್ತದೆ, ಅಲ್ವಾ? ಮಳೆಗಾಲದಲ್ಲಿ ಎಡವುವುದು ಇಲ್ಲೇ.

200 ಲೀಟರ್ ಟ್ಯಾಂಕಿಗೆ ಒಂದು ಲೀಟರ್ ತಿಳಿನೀರು ಸುಮಾರು 0.57 ಡಿಕೆಎಚ್, 4 ಪಿಪಿಎಂ ಕ್ಯಾಲ್ಸಿಯಂ ಕೊಡುತ್ತದೆ. ಮೇ ತಿಂಗಳಲ್ಲಿ ಫ್ಯಾನ್ ಕೆಳಗೆ ದಿನಕ್ಕೆ 2 ಲೀಟರ್ ಆವಿಯಾಗುತ್ತಿತ್ತು ಅಂದುಕೊಳ್ಳಿ. 1.1 ಡಿಕೆಎಚ್ ಸಿಗುತ್ತಿತ್ತು, ಹವಳ ಅಷ್ಟನ್ನೂ ತಿನ್ನುತ್ತಿತ್ತು. ಜುಲೈಯಲ್ಲಿ ಗೋಡೆ, ಬಟ್ಟೆ ಎಲ್ಲ ಒದ್ದೆ. ಆವಿಯಾಗುವುದು ದಿನಕ್ಕೆ ಅರ್ಧ ಲೀಟರ್. ಸಿಗುವುದು 0.3 ಮಾತ್ರ. ಟ್ಯಾಂಕಿನ ಮೇಲಿನ ಎಲ್‌ಇಡಿ ಮೇಯಲ್ಲಿ ಎಷ್ಟು ಹೊತ್ತು ಉರಿಯುತ್ತಿತ್ತೋ ಈಗಲೂ ಅಷ್ಟೇ ಹೊತ್ತು ಉರಿಯುತ್ತಿದೆ, ಹವಳದ ಹಸಿವು ಕಡಿಮೆಯಾಗಿಲ್ಲ. ದಿನಕ್ಕೆ 0.8 ಡಿಕೆಎಚ್ ಕೊರತೆ. ಇದನ್ನು ತುಂಬಲು ಮಳೆಗಾಲದ ನಾಲ್ಕು ತಿಂಗಳು ದಿನಾ ಸುಮಾರು 5 ಗ್ರಾಂ ಸೋಡಾ, 4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಬೇರೆ ಬೇರೆಯಾಗಿ ಕೊಡಬೇಕು. ತಿಳಿನೀರನ್ನೇ ಜಾಸ್ತಿ ಬಿಡುತ್ತೇನೆ ಅಂದರೆ ಉಪ್ಪು ಇಳಿಯುತ್ತದೆ. ತಿಳಿನೀರಿನ ಪಿಎಚ್ 12ರ ಮೇಲಿರುವುದರಿಂದ ಟ್ಯಾಂಕಿನ ಪಿಎಚ್ ಕೂಡ ಹಾರುತ್ತದೆ.

ಕ್ಯಾಲ್ಸಿಯಂ ಕ್ಲೋರೈಡ್ ತೂಗುವಾಗಲೂ ಎಚ್ಚರ. ಡಬ್ಬಿ ಮುಚ್ಚಳ ಸಡಿಲ ಇದ್ದರೆ ನಮ್ಮ ಮಳೆಗಾಲದಲ್ಲಿ ಅದು ಗಾಳಿಯ ತೇವ ಹೀರಿ ಒಂದು ವಾರದೊಳಗೆ ಅಂಟಾಗುತ್ತದೆ, ಆಮೇಲೆ ನೀರೇ ಆಗುತ್ತದೆ. ಆಗ ನೀವು ತೂಗುವ 4 ಗ್ರಾಂನಲ್ಲಿ ಎಷ್ಟೋ ಪಾಲು ನೀರು. ಮೇ ಮುಗಿಯುವುದರೊಳಗೆ ಇಡೀ ಪ್ಯಾಕೆಟ್ಟನ್ನು ಅಳೆದು ನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬಿಡುವುದು ಒಳ್ಳೆಯದು. ಮೆಗ್ನೀಶಿಯಂ ಕ್ಲೋರೈಡ್‌ಗೂ ಹೀಗೇ ಮಾಡಿ.

ಮೆಗ್ನೀಶಿಯಂ ಬಗ್ಗೆ ಜನ ಯೋಚಿಸುವುದೇ ಕಡಿಮೆ. ಶಿರಸಿ ಹತ್ತಿರದ ಒಂದು ಮನೆಯಲ್ಲಿ ದಿನಾ ಸೋಡಾ ಹಾಕಿದರೂ ಅಲ್ಕಲಿನಿಟಿ 6.5 ದಾಟುತ್ತಿರಲಿಲ್ಲ. ಪಂಪ್ ಬಿಚ್ಚಿ ನೋಡಿದೆ. ಒಳಗೆ ತಿರುಗುವ ಅಯಸ್ಕಾಂತದ ಸುತ್ತ ಉಗುರು ದಪ್ಪದ ಬಿಳಿ ಪೊರೆ. ಹೀಟರ್ ಗಾಜಿನ ಮೇಲೂ ಅದೇ. ತಳದ ಮರಳಿಗೆ ಬೆರಳು ಚುಚ್ಚಿದರೆ ಹೋಗುತ್ತಿರಲಿಲ್ಲ, ಹಲ್ಲೆ ಹಲ್ಲೆಯಾಗಿ ಏಳುತ್ತಿತ್ತು. ಒಂದು ಹನಿ ವಿನೆಗರ್ ಬಿಟ್ಟರೆ ಪೊರೆ ನೊರೆಯೆದ್ದು ಕರಗಿತು. ಹಾಕಿದ ಸೋಡಾ ಎಲ್ಲ ಹವಳಕ್ಕೆ ಸಿಗದೆ ಅಲ್ಲಿ ಕಲ್ಲಾಗಿ ಕೂತಿತ್ತು. ಮೆಗ್ನೀಶಿಯಂ ಅಳೆದರೆ 1050. ಕ್ಯಾಲ್ಸಿಯಂ ಕಾರ್ಬೊನೇಟ್ ಹರಳು ಬೆಳೆಯುವಾಗ ಮೆಗ್ನೀಶಿಯಂ ಅದರ ಮೈಗೆ ಅಂಟಿಕೊಂಡು ಬೆಳವಣಿಗೆ ತಡೆಯುತ್ತದೆ. ಅದು ಸಾಕಷ್ಟು ಇಲ್ಲದಿದ್ದರೆ ಬಿಸಿ ಇರುವ ಕಡೆಯೆಲ್ಲ ಸುಣ್ಣ ಕಟ್ಟುತ್ತದೆ. ಆ 200 ಲೀಟರ್ ನೀರನ್ನು 1300ಕ್ಕೆ ತರಲು ಬೇಕಾದ್ದು ಸುಮಾರು 420 ಗ್ರಾಂ ಮೆಗ್ನೀಶಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್. ದಿನಕ್ಕೆ 50 ಪಿಪಿಎಂ ಏರುವಷ್ಟು ಕೊಟ್ಟು ಐದು ದಿನದಲ್ಲಿ ಮುಗಿಸಿದೆವು. ಆಮೇಲೆ ಅಲ್ಕಲಿನಿಟಿ ತಾನಾಗಿ ನಿಂತಿತು. ಮೆಗ್ನೀಶಿಯಂ ಖರ್ಚು ನಿಧಾನ, ತಿಂಗಳಿಗೊಮ್ಮೆ ಅಳೆದರೆ ಸಾಕು. ಆದರೆ ಅಳೆಯಲೇಬೇಕು.

ಅಡಿಕೆ ತೋಟದ ಮನೆಯವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಳೆಗಾಲದ ಹೊತ್ತಿಗೆ ಕೊಳೆ ಔಷಧಿಗೆ ಅಂತ ಸುಣ್ಣ, ಮೈಲುತುತ್ತ ಎರಡೂ ಮನೆಗೆ ಬಂದಿರುತ್ತವೆ. ಅವೆರಡನ್ನೂ ಸೇರಿಸಿ ಬೋರ್ಡೋ ದ್ರಾವಣ ಮಾಡಲು ತಂದ ಸುಣ್ಣವನ್ನು ಟ್ಯಾಂಕಿಗೆ ಮುಟ್ಟಿಸಬೇಡಿ. ಆ ಬಕೆಟ್, ಆ ಕೋಲು, ಆ ತಕ್ಕಡಿ ಯಾವುದೂ ಬೇಡ. ಮೈಲುತುತ್ತ ಅಂದರೆ ತಾಮ್ರ. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಹವಳ, ಸಿಗಡಿ, ಶಂಖದ ಹುಳುಗಳನ್ನು ಕೊಲ್ಲುತ್ತದೆ. ಔಷಧಿ ಹೊಡೆಸಿ ಬಂದ ದಿನ ಕೈ ತೊಳೆದರೂ ಟ್ಯಾಂಕಿಗೆ ಕೈ ಹಾಕದಿರುವುದು ವಾಸಿ. ಎಲೆ ಅಡಿಕೆಯ ಸುಣ್ಣ ಆಗುತ್ತದಾ ಅಂತ ಕೇಳುತ್ತಾರೆ. ಅದರ ಶುದ್ಧತೆ ನಮಗೆ ಗೊತ್ತಿರುವುದಿಲ್ಲ, ಬೇಡ. ತೋಟಕ್ಕೆ ತಂದ ಮೆಗ್ನೀಶಿಯಂ ಸಲ್ಫೇಟ್ ಕೂಡ ಬೇಡ.

ಹಾಗೆಯೇ, ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ಹವಳದ ಒಂದು ಚೂರೂ ತರಬೇಡಿ. ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೇ ಷೆಡ್ಯೂಲ್‌ನಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ದುಡ್ಡು ಕೊಟ್ಟು ತರುವವರೂ ದಾಖಲೆ ಕೇಳಿ ಪಡೆಯಿರಿ. ದಾಖಲೆ ಕೊಡದವರ ಹತ್ತಿರ ತರಬೇಡಿ.

ಮಳೆ ನಿಂತು ಅಕ್ಟೋಬರ್ ಬಿಸಿಲು ಬಂದಾಗ ಇದೆಲ್ಲ ತಿರುಗುಮುರುಗಾಗುತ್ತದೆ. ಆವಿಯಾಗುವ ನೀರು ಏರುತ್ತದೆ, ಅದರ ಹಿಂದೆ ಸುಣ್ಣವೂ ಏರುತ್ತದೆ. ಜುಲೈಯಲ್ಲಿ ಶುರು ಮಾಡಿದ ಸೋಡಾ ಹಾಗೇ ಮುಂದುವರಿದರೆ ಒಂದು ವಾರದಲ್ಲಿ ಅಲ್ಕಲಿನಿಟಿ 11, 12 ಆಗಬಹುದು. ಆ ವಾರ ದಿನಾ ಅಳೆಯಿರಿ. ಮೇಲಕ್ಕೆ ಹೋಗುತ್ತಿದ್ದರೆ ಮೊದಲು ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಎರಡನ್ನೂ ಅರ್ಧ ಮಾಡಿ, ಎರಡು ದಿನ ನೋಡಿ, ಆಮೇಲೆ ಪೂರ್ತಿ ನಿಲ್ಲಿಸಿ.