ಫೋಟೋ ಪೇಂಟಿಂಗ್ ಆಗುವಾಗ ಕಳೆಯುವುದೇನು, ಉಳಿಯುವುದೇನು?

"ಅಪ್ಪಂದು ಇದೊಂದೇ ಫೋಟೋ ಅದರಿ. ದೊಡ್ಡದು ಮಾಡಿ, ಪೇಂಟಿಂಗ್ ಮಾಡಿದಂಗ ಮಾಡಿಕೊಡ್ರಿ."

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಸ್ಟುಡಿಯೋಗಳಿಗೂ ಫ್ರೇಮ್ ಹಾಕುವ ಅಂಗಡಿಗಳಿಗೂ ಈ ಮಾತು ಹೊಸದಲ್ಲ. ಗಿರಾಕಿ ತಂದಿರುವುದು ಪಾಸ್‌ಪೋರ್ಟ್ ಅಳತೆಯ ಚಿತ್ರ. ಬ್ಯಾಂಕ್ ಪಾಸ್‌ಬುಕ್ಕಿನಿಂದಲೋ ಹಳೆಯ ಗುರುತಿನ ಚೀಟಿಯಿಂದಲೋ ಕಿತ್ತದ್ದು. ಒಂದು ಮೂಲೆಯಲ್ಲಿ ಕಚೇರಿಯ ಅರ್ಧ ಸೀಲು ಬೇರೆ. ಅದು ಪಡಸಾಲೆಯ ಗೋಡೆಗೆ ಒಪ್ಪುವಂತೆ ಹನ್ನೆರಡು ಇಂಚು ಅಗಲ, ಹದಿನೆಂಟು ಇಂಚು ಎತ್ತರಕ್ಕೆ ಬೆಳೆಯಬೇಕು.

ಇಲ್ಲಿ ಲೆಕ್ಕವೇ ಅಡ್ಡ ಬರುತ್ತದೆ. 35x45 ಮಿಲಿಮೀಟರಿನ ಫೋಟೋವನ್ನು ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಸಿಗುವುದು ಸುಮಾರು 2.2 ಲಕ್ಷ ಪಿಕ್ಸೆಲ್. 12x18 ಇಂಚಿನ ಪ್ರಿಂಟಿಗೆ ಅದೇ ಗುಣಮಟ್ಟದಲ್ಲಿ ಬೇಕಾದದ್ದು 1.94 ಕೋಟಿ. ಹತ್ತಿರಹತ್ತಿರ ತೊಂಬತ್ತು ಪಟ್ಟು. ಅಷ್ಟು ವಿವರ ಆ ಚೂರು ಕಾಗದದಲ್ಲಿ ಇಲ್ಲವೇ ಇಲ್ಲ. ಬರೀ ಹಿಗ್ಗಿಸಿದರೆ ಮುಖ ಮಸುಕಾಗಿ, ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಅದೇ ಮುಖವನ್ನು ಪೇಂಟಿಂಗ್ ಮಾಡಿದರೆ ಬೇರೆ ಮಾತು. ಪೇಂಟಿಂಗಿನಲ್ಲಿ ಚರ್ಮದ ರಂಧ್ರ ಕಾಣಲಿಲ್ಲ ಎಂದು ಯಾರೂ ತಕರಾರು ತೆಗೆಯುವುದಿಲ್ಲ.

ಫೋಟೋವನ್ನು ಚಿತ್ರ ಮಾಡುವ ಕೆಲಸ ನಮ್ಮ ಕಡೆ ಬೇರೂರಿದ್ದಕ್ಕೆ ಷೋಕಿಗಿಂತ ವಿವರದ ಈ ಬಡತನವೇ ದೊಡ್ಡ ಕಾರಣ ಎನ್ನುವುದು ನನ್ನ ಅಂದಾಜು. ನೋಡುವವರಿಗೆ ಪೇಂಟಿಂಗ್ ಎಂದರೆ ಏನೋ ಸೇರಿಸಿದಂತೆ ಕಾಣುತ್ತದೆ. ನಡೆಯುವುದು ಹೆಚ್ಚಾಗಿ ಕಳೆಯುವ ಕೆಲಸ. ಯಾವ ವಿವರ ಬಿಡಬೇಕು, ಯಾವುದು ಉಳಿಯಬೇಕು ಎಂದು ಯಾರೋ ಒಬ್ಬರು ತೀರ್ಮಾನಿಸಬೇಕು. ಆ ತೀರ್ಮಾನ ಯಾರ ಯಾರ ಕೈಗೆ ದಾಟುತ್ತ ಬಂತು ಎಂದು ಹಿಂದಕ್ಕೆ ಹೋದರೆ ದಾರಿ ಕಂಪ್ಯೂಟರಿಗಿಂತ ಬಹಳ ಹಿಂದಕ್ಕೆ ಹೋಗುತ್ತದೆ.

1839ರಲ್ಲಿ ಪ್ಯಾರಿಸ್ಸಿನಲ್ಲಿ ಛಾಯಾಗ್ರಹಣ ಪ್ರಕಟವಾಗಿ, ಒಂದೆರಡು ವರ್ಷದಲ್ಲೇ ಕ್ಯಾಮೆರಾ ಕಲ್ಕತ್ತೆಗೆ ಬಂದಿತ್ತು. ಚಿತ್ರವೇನೋ ಅಚ್ಚುಕಟ್ಟು, ಬಣ್ಣ ಮಾತ್ರ ಇಲ್ಲ. ಜರಿಯ ಅಂಚು, ಮುತ್ತಿನ ಹಾರ, ಪೇಟದ ಕೆಂಪು ಎಲ್ಲವೂ ಕಂದು. ರಾಜರ ಆಶ್ರಯ ಕರಗುತ್ತಿದ್ದ ಕಾಲವದು. ಸಣ್ಣ ಕುಂಚದ ಚಿತ್ರಕಾರರಲ್ಲಿ ಹಲವರಿಗೆ ಫೋಟೋಗೆ ಬಣ್ಣ ಹಚ್ಚುವುದೇ ಹೊಸ ಕಸುಬಾಯಿತು. ಯುರೋಪಿನಲ್ಲಿ ತೆಳುವಾಗಿ ಬಣ್ಣ ಸವರಿ ಕೆಳಗಿನ ಫೋಟೋ ಕಾಣುವಂತೆ ಬಿಡುತ್ತಿದ್ದರೆ, ನಮ್ಮವರು ಎಷ್ಟೋ ಸಲ ದಪ್ಪ ಬಣ್ಣವನ್ನೇ ಬಳಿದರು. ಮುಖವೊಂದನ್ನು ಬಿಟ್ಟರೆ ಅಡಿಯಲ್ಲಿ ಫೋಟೋ ಇದೆ ಎಂಬುದೇ ತಿಳಿಯದಷ್ಟು.

ಕಲಬುರಗಿ, ಬೀದರ್, ಯಾದಗಿರಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ದೀನ್ ದಯಾಳ್. 'ರಾಜಾ' ಎಂಬ ಬಿರುದೂ ಅವರಿಗೆ ಆ ದರ್ಬಾರಿನಿಂದಲೇ ಬಂದದ್ದು. ಆ ದರ್ಬಾರು ನಮಗೆ ದೂರವೂ ಇರಲಿಲ್ಲ: ಕಲಬುರಗಿ ಬಳಿಯ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಓಡುತ್ತಿತ್ತು. ಇತ್ತ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಬೆಳೆದ, ಚಿನ್ನದ ರೇಕು ಹಚ್ಚುವ ಚಿತ್ರಶೈಲಿಯೊಂದಿತ್ತು. ಅಲ್ಲಿನ ದೇವರ ಚಿತ್ರಗಳಲ್ಲಿ ಮುಖಕ್ಕಿಂತ ಒಡವೆಯಲ್ಲೇ ವಿವರ ಜಾಸ್ತಿ. ಏನನ್ನು ಬಿಡಿಸಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆಗೆ ಅವರ ಉತ್ತರ ಅದಾಗಿತ್ತು.

ಮುಂದಿನ ಹೆಸರು ಹೇಳದೆ ಈ ಊರಿನಲ್ಲಿ ಚಿತ್ರದ ಮಾತೇ ಆಡಲಾಗದು: ಎಸ್.ಎಂ. ಪಂಡಿತ. 1916ರಲ್ಲಿ ಗುಲಬರ್ಗಾದಲ್ಲಿ ಹುಟ್ಟಿದವರು, ಮುಂಬಯಿಗೆ ಹೋಗಿ ಸಿನಿಮಾ ಪ್ರಚಾರದ ಚಿತ್ರಗಳಿಂದ, ಪುರಾಣದ ಕ್ಯಾಲೆಂಡರ್‌ಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರ ಕೈಯಲ್ಲಿ ನಟನಟಿಯರ ಮುಖ ಗುರುತು ಹಿಡಿಯುವಂತೆಯೇ ಉಳಿಯುತ್ತಿತ್ತು. ಆದರೆ ಕೆನ್ನೆಯ ಮೇಲೆ ಬೀಳುವ ಬೆಳಕು, ಕತ್ತಿನ ಕೆಳಗಿನ ನೀಲಿ ನೆರಳು ಅವರದೇ ನಿರ್ಧಾರ. ಇಂದು ಮೊಬೈಲ್ ಆ್ಯಪ್‌ಗಳು ಕೊಡುವ 'ಪೋಸ್ಟರ್' ಮೆರುಗನ್ನು ನೋಡಿದಾಗಲೆಲ್ಲ ನನಗೆ ಆ ಕಾಲದ ಕ್ಯಾಲೆಂಡರ್‌ಗಳೇ ಕಾಣುತ್ತವೆ. ಪಂಡಿತರು 1993ರಲ್ಲಿ ತೀರಿಕೊಂಡರು. ನಗರದ ರಂಗಮಂದಿರಕ್ಕೆ ಅವರದೇ ಹೆಸರಿದೆ. ಅದರ ಮುಂದೆ ಕಟ್ಟುವ ಫ್ಲೆಕ್ಸ್‌ಗಳಲ್ಲಿ ಈಗ ಮುಖಗಳೆಲ್ಲ ಮೇಣದಂತೆ ಹೊಳೆಯುತ್ತವೆ ಎನ್ನುವುದು ಬೇರೆ ವಿಷಯ.

ಪಂಡಿತರ ಎತ್ತರಕ್ಕೆ ಏರದ, ಆದರೆ ಊರೂರಲ್ಲೂ ಇದ್ದ 'ಪೇಂಟರ್'ಗಳದು ಇನ್ನೊಂದು ಧಾರೆ. ಫೋಟೋ ಮೇಲೆ ಪೆನ್ಸಿಲಿನಿಂದ ಚೌಕ ಹಾಕಿ, ಗೋಡೆಯ ಮೇಲೋ ಬಟ್ಟೆಯ ಮೇಲೋ ಅಷ್ಟೇ ಚೌಕ ದೊಡ್ಡದಾಗಿ ಎಳೆದು, ಒಂದೊಂದನ್ನೇ ತುಂಬುತ್ತ ಹೋಗುವುದು ಅವರ ಕ್ರಮ. ಸ್ಟುಡಿಯೋದಲ್ಲಿ ಇನ್ನೊಬ್ಬರು ನೆಗೆಟಿವ್ ಮೇಲೆ ಸೀಸದ ಪೆನ್ಸಿಲ್ ಆಡಿಸಿ ಮೊಡವೆ, ಸುಕ್ಕು ಅಳಿಸುತ್ತಿದ್ದರು, ಅದು 'ಟಚಿಂಗ್'. ಎರಡು ಸಾವಿರದ ಇಸವಿಯ ನಂತರ ಫ್ಲೆಕ್ಸ್ ಪ್ರಿಂಟಿಂಗ್ ಬಂತು. ಬೋರ್ಡು ಬರೆಯುವ ಕುಂಚಗಳು ಮೂಲೆ ಸೇರಿದವು. ಕೆಲವರು ಡಿಟಿಪಿ ಸೆಂಟರಿನಲ್ಲಿ ಮೌಸ್ ಹಿಡಿಯುವುದನ್ನು ಕಲಿತು ಅದೇ ಕಸುಬನ್ನು ಪರದೆಯ ಮೇಲೆ ಮುಂದುವರಿಸಿದರು.

ಆ ಪರದೆಯ ಹಿಂದಿನ ಕಥೆ ಬೇರೆಡೆ ನಡೆದಿತ್ತು. ಅದರ ಒಂದು ಬೇರು ಆಸ್ಪತ್ರೆಯಲ್ಲಿದೆ ಎಂದರೆ ನಂಬುವುದು ಕಷ್ಟ. 1976ರಲ್ಲಿ ಜಪಾನಿನ ಮಿಚಿಯಾಸು ಕುವಾಹಾರಾ ಮತ್ತು ಸಂಗಡಿಗರು ಹೃದಯದ ವೈದ್ಯಕೀಯ ಚಿತ್ರಗಳಲ್ಲಿನ ಕಾಳುಕಾಳಾಗಿ ಕಾಣುವ ಬೇಡದ ಚುಕ್ಕಿಗಳನ್ನು ತೆಗೆಯಲು ಒಂದು ಉಪಾಯ ಹುಡುಕಿದರು. ಪ್ರತಿ ಪಿಕ್ಸೆಲ್ಲಿನ ಸುತ್ತ ನಾಲ್ಕು ಚೌಕ ಇಡು. ಯಾವ ಚೌಕದಲ್ಲಿ ಬಣ್ಣದ ಏರುಪೇರು ಅತಿ ಕಡಿಮೆಯೋ ಅದರ ಸರಾಸರಿಯನ್ನು ಆ ಪಿಕ್ಸೆಲ್ಲಿಗೆ ಕೊಡು. ಇಷ್ಟೇ. ಸಾಮಾನ್ಯವಾಗಿ ಮಸುಕು ಮಾಡಿದರೆ ಅಂಚುಗಳೂ ಕರಗುತ್ತವೆ. ಇಲ್ಲಿ ಮಾತ್ರ ಅಂಚು ಗಟ್ಟಿಯಾಗಿ ಉಳಿದು ಒಳಗಿನ ಸಣ್ಣ ವಿವರವಷ್ಟೇ ಹೋಗುತ್ತದೆ. ಹೃದಯದ ಗೋಡೆ ಸ್ಪಷ್ಟವಾಗಿ ಕಾಣಲಿ ಎಂದು ಮಾಡಿದ ಈ ಲೆಕ್ಕವನ್ನು ಮನುಷ್ಯನ ಮುಖದ ಮೇಲೆ ಹಾಯಿಸಿದರೆ ಎಣ್ಣೆಬಣ್ಣದ ಅಗಲ ಕುಂಚ ಎಳೆದಂತೆ ಕಾಣುತ್ತದೆ! ಫೋಟೋವನ್ನು ಪೇಂಟಿಂಗ್ ಮಾಡುವ ಎಷ್ಟೋ ಫಿಲ್ಟರುಗಳ ಹಿಂದೆ ಇರುವುದು ಇದೇ ಲೆಕ್ಕ ಅಥವಾ ಇದರ ದಾಯಾದಿ.

1990 ಈ ಇತಿಹಾಸದಲ್ಲಿ ಮುಖ್ಯ ವರ್ಷ. ಥಾಮಸ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಬರೆದ ಫೋಟೋಶಾಪ್ ಆ ಫೆಬ್ರುವರಿಯಲ್ಲಿ ಅಡೋಬಿ ಕಂಪನಿಯಿಂದ ಮಾರುಕಟ್ಟೆಗೆ ಬಂತು. ಅದೇ ವರ್ಷ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞ ಪಾಲ್ ಹೇಬರ್ಲಿ ಇನ್ನೊಂದು ವಿಚಾರ ಮಂಡಿಸಿದರು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಜಾಣತನದ್ದು ಅದೇ: ಬಣ್ಣವನ್ನು ಫೋಟೋ ಕೊಡಲಿ, ಕುಂಚ ಎಲ್ಲಿ ಬೀಳಬೇಕೆಂದು ಮನುಷ್ಯ ಹೇಳಲಿ. ಪರದೆಯ ಮೇಲೆ ಕರ್ಸರ್ ಆಡಿಸಿದಲ್ಲೆಲ್ಲ ಕೆಳಗಿನ ಫೋಟೋದ ಬಣ್ಣದಲ್ಲಿ ಒಂದೊಂದು ಗೆರೆ ಬೀಳುತ್ತದೆ. ಕಣ್ಣಿನ ಬಳಿ ಸಣ್ಣ ಕುಂಚ, ಹಿನ್ನೆಲೆಗೆ ದೊಡ್ಡದು. ಎಲ್ಲಿ ವಿವರ ಇರಬೇಕು ಎಂಬ ಆಯ್ಕೆ ಮತ್ತೆ ಕೈಗೆ ಬಂತು. 1991ರಲ್ಲಿ ಬಂದ 'ಪೇಂಟರ್' ಎಂಬ ತಂತ್ರಾಂಶ ಕ್ಯಾನ್ವಾಸು, ಸೀಮೆಸುಣ್ಣ, ನೀರುಬಣ್ಣಗಳ ನಡೆಯನ್ನೇ ಅನುಕರಿಸಿತು. ಅದನ್ನು ಬಣ್ಣದ ಡಬ್ಬಿಯಲ್ಲಿಟ್ಟು ಮಾರುತ್ತಿದ್ದರು. ಫೋಟೋಶಾಪಿನಲ್ಲಿ 1994ಕ್ಕೆ ಲೇಯರ್ ಬಂತು. ಒಂದರ ಮೇಲೊಂದು ಪಾರದರ್ಶಕ ಹಾಳೆ ಇಟ್ಟು ಬಿಡಿಸುವ ಅನುಕೂಲ. ತಪ್ಪಿದರೆ ಮೇಲಿನ ಹಾಳೆ ಎಸೆದರಾಯಿತು, ಅಪ್ಪನ ಫೋಟೋ ಕೆಳಗೆ ಭದ್ರ. 2010ರಲ್ಲಿ ಬಣ್ಣಗಳನ್ನು ಒಂದರೊಳಗೊಂದು ಕಲೆಸುವ ಮಿಕ್ಸರ್ ಬ್ರಷ್, 2012ರಲ್ಲಿ ಒಂದೇ ಕ್ಲಿಕ್ಕಿನ ಆಯಿಲ್ ಪೇಂಟ್ ಫಿಲ್ಟರ್ ಸೇರಿದವು.

ನಮ್ಮ ಕಡೆಯ ಎಡಿಟರುಗಳು ಇದರಲ್ಲಿ ಬಹುಪಾಲನ್ನು ಬದಿಗಿಟ್ಟು ಒಂದೇ ಒಂದು ಸಲಕರಣೆಗೆ ಅಂಟಿಕೊಂಡರು: ಸ್ಮಡ್ಜ್ ಟೂಲ್. ಹಸಿ ಬಣ್ಣವನ್ನು ಬೆರಳಿನಿಂದ ತೀಡಿದಂತೆ ಪಿಕ್ಸೆಲ್ಲುಗಳನ್ನು ಎಳೆಯುವ ಸಾಧನ ಅದು. ಹೀಗೆ ತೀಡಿ ಮಾಡಿದ ಚಿತ್ರಕ್ಕೆ 'ಸ್ಮಡ್ಜ್ ಪೇಂಟಿಂಗ್' ಎಂದೇ ಹೆಸರು. ಮೊದಲು ಕಂಟ್ರೋಲ್-ಜೆ ಒತ್ತಿ ಲೇಯರಿನ ನಕಲು. ಆಮೇಲೆ ಮುಖದ ಉಬ್ಬುತಗ್ಗಿನ ದಿಕ್ಕಿನಲ್ಲೇ ತೀಡಬೇಕು: ಕೆನ್ನೆಯಲ್ಲಿ ಸುತ್ತಿ, ಮೂಗಿನ ಮೇಲೆ ಉದ್ದಕ್ಕೆ, ಹಣೆಯಲ್ಲಿ ಅಡ್ಡಕ್ಕೆ. ದಿಕ್ಕು ತಪ್ಪಿದರೆ ಮುಖ ಚಪ್ಪಟೆ. ಕೂದಲಿನದು ಬೇರೆಯದೇ ವಿದ್ಯೆ. ನಾಲ್ಕಾರು ಚುಕ್ಕಿಗಳಿರುವ ಬ್ರಷ್ ಆಯ್ದು, ಒತ್ತಡ ಜಾಸ್ತಿ ಇಟ್ಟು, ಬುಡದಿಂದ ತುದಿಗೆ ಒಂದೇ ಉಸಿರಿನಲ್ಲಿ ಎಳೆದರೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಮೀಸೆ, ಹುಬ್ಬಿಗೂ ಅದೇ. ಕೊನೆಗೆ ಡಾಡ್ಜ್, ಬರ್ನ್ ಟೂಲುಗಳಿಂದ ಬೆಳಕು-ನೆರಳು ಏರಿಸಿ, ಕಣ್ಣಗುಡ್ಡೆಯಲ್ಲಿ ಬಿಳಿ ಚುಕ್ಕಿ ಇಟ್ಟರೆ ಮುಗಿಯಿತು. ಡಿಜಿಟಲ್ ಪೆನ್ನು ಇದ್ದವರಿಗೆ ಇದು ಸಲೀಸು. ಮೌಸಿನಲ್ಲೇ ಕೂದಲು ಬಿಡಿಸುವವರ ಮಣಿಕಟ್ಟಿನ ಪಾಡು ಅವರಿಗೇ ಗೊತ್ತು. ಸ್ಕೆಚ್‌ಬುಕ್‌, ಪಿಕ್ಸ್‌ಆರ್ಟ್ ಥರದ ಆ್ಯಪ್‌ಗಳು ಬಂದಮೇಲೆ ಹಳ್ಳಿಯ ಹುಡುಗರು ಬೆರಳನ್ನೇ ಕುಂಚ ಮಾಡಿಕೊಂಡರು. ಹುಟ್ಟುಹಬ್ಬದ ಬ್ಯಾನರು, ಮದುವೆಯ ಸ್ವಾಗತ ಫಲಕ, ಶ್ರದ್ಧಾಂಜಲಿಯ ಫ್ಲೆಕ್ಸು, ಜಾತ್ರೆಗೆ ಶುಭ ಕೋರುವ ಸಾಲು ಸಾಲು ಮುಖ, ಎಲ್ಲಕ್ಕೂ ಈ ಶೈಲಿ ಹೊಂದಿಕೊಂಡಿತು. ಫ್ಲೆಕ್ಸನ್ನು ದೂರದಿಂದ ನೋಡುತ್ತಾರೆ. ಇಂಚಿಗೆ 72 ಚುಕ್ಕಿ ಇದ್ದರೂ ನಡೆಯುತ್ತದೆ. ಮೊಬೈಲಿನ ಸಾಧಾರಣ ಫೋಟೋ ಸಾಕು.

ಈ ಶೈಲಿಯಲ್ಲಿ ನನಗೆ ಒಪ್ಪಿಗೆಯಾಗದ್ದು ಒಂದಿದೆ. ಕಳೆಯುವುದಕ್ಕೆ ಹೊರಟ ಕೈ ಮೊದಲು ಕಳೆಯುವುದು ಬಣ್ಣವನ್ನೇ. "ಸ್ವಲ್ಪ ಬೆಳ್ಳಗ ಮಾಡ್ರಿ" ಎಂದು ಗಿರಾಕಿ ಕೇಳುತ್ತಾನೆ, ಕೇಳದಿದ್ದರೂ ಎಡಿಟರ್ ಮಾಡಿಯೇ ಕೊಡುತ್ತಾನೆ. ನೆಗೆಟಿವ್ ಕಾಲದ ಟಚಿಂಗಿನಿಂದಲೇ ಬಂದ ಚಟವಿದು. ಕಲಬುರಗಿಯ ಬಿಸಿಲಲ್ಲಿ ತೊಗರಿ ಹೊಲದ ನಡುವೆ ಎಪ್ಪತ್ತು ವರ್ಷ ದುಡಿದ ಮುದುಕ ಗೋಡೆಯ ಮೇಲೆ ಗುಲಾಬಿ ಕೆನ್ನೆಯ ಅಪರಿಚಿತನಾಗಿ ಕೂರುತ್ತಾನೆ. ಹಣೆಯ ಸುಕ್ಕಿನ ಜೊತೆಗೆ ವಿಭೂತಿಯ ಮೂರು ಗೆರೆಯೂ ಕಲಸಿಹೋಗಿರುತ್ತದೆ.

2015ರಲ್ಲಿ ತೀರ್ಮಾನ ಮತ್ತೊಮ್ಮೆ ಕೈ ಬದಲಿಸಿತು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಲಿಯಾನ್ ಗೇಟಿಸ್, ಅಲೆಕ್ಸಾಂಡರ್ ಎಕರ್, ಮಥಿಯಾಸ್ ಬೆಥ್ಗೆ ಎಂಬ ಸಂಶೋಧಕರು ಒಂದು ಚಿತ್ರದ 'ವಸ್ತು' ಮತ್ತು ಇನ್ನೊಂದರ 'ಶೈಲಿ'ಯನ್ನು ನ್ಯೂರಲ್ ನೆಟ್‌ವರ್ಕ್ ಎಂಬ, ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ವ್ಯವಸ್ಥೆಯಿಂದ ಬಿಡಿಸಿ, ಮತ್ತೆ ಬೆಸೆಯಬಹುದೆಂದು ತೋರಿಸಿದರು. ತಮ್ಮೂರಿನ ನದಿ ದಂಡೆಯ ಮನೆಗಳ ಫೋಟೋವನ್ನು ವ್ಯಾನ್‌ಗೋ ಬಿಡಿಸಿದ ರಾತ್ರಿಯ ಆಕಾಶದ ಸುರುಳಿಗಳಲ್ಲಿ ಅದ್ದಿ ತೆಗೆದರು. ಮರುವರ್ಷವೇ 'ಪ್ರಿಸ್ಮಾ' ಆ್ಯಪ್ ಅದನ್ನು ಎಲ್ಲರ ಮೊಬೈಲಿಗೆ ತಂದಿತು. ಆದರೂ ಇಲ್ಲಿಯವರೆಗೆ ಯಂತ್ರ ಇದ್ದ ಫೋಟೋವನ್ನೇ ತಿರುವಿ ಮುರುವಿ ಮಾಡುತ್ತಿತ್ತು. 2022ರ ನಂತರ ಜನಬಳಕೆಗೆ ಬಂದ ಎಐ ಸಾಧನಗಳು ಚಿತ್ರವನ್ನು ಮೊದಲಿನಿಂದ ಹೊಸದಾಗಿ ಬರೆಯುತ್ತವೆ. 2025ರ ಮಾರ್ಚಿನಲ್ಲಿ ಚಾಟ್‌ಜಿಪಿಟಿಯಿಂದ ಜಪಾನಿನ ಘಿಬ್ಲಿ ಸ್ಟುಡಿಯೋದ ಕಾರ್ಟೂನಿನಂತೆ ಫೋಟೋ ಮಾಡಿಸಿಕೊಳ್ಳುವ ಹುಚ್ಚು ಎಬ್ಬಿತಲ್ಲ, ಆಗ ನಮ್ಮವರ ವಾಟ್ಸ್ಯಾಪ್ ಸ್ಟೇಟಸ್ಸುಗಳೂ ಅದರಿಂದಲೇ ತುಂಬಿದವು.

ತಮಾಷೆಗೆ ಅದು ಸರಿ. ಪಾಸ್‌ಬುಕ್ಕಿನ ಫೋಟೋ ತಂದವರಿಗೆ ತೊಡಕು ಶುರುವಾಗುವುದೇ ಇಲ್ಲಿ. 2.2 ಲಕ್ಷ ಪಿಕ್ಸೆಲ್ಲಿನಲ್ಲಿ ಇಲ್ಲದ್ದನ್ನು ಎಐ ತಾನು ಕಂಡ ಅಸಂಖ್ಯ ಮುಖಗಳ ಅಂದಾಜಿನಿಂದ ತುಂಬುತ್ತದೆ. ರೆಪ್ಪೆಯ ಕೂದಲು ಒಂದೊಂದೂ ಎಣಿಸುವಷ್ಟು ಚೊಕ್ಕ. ಆದರೆ ಆ ರೆಪ್ಪೆ ಅಪ್ಪನದಲ್ಲ. ಕೊರಳಲ್ಲಿನ ಲಿಂಗದ ಕರಡಿಗೆಯೇ ಲಾಕೆಟ್ಟಾಗುವುದುಂಟು, ಸುತ್ತಿದ ರುಮಾಲು ರಾಜಸ್ಥಾನದ ಪೇಟವಾಗುವುದುಂಟು. ಹಳೆಯ ಪೇಂಟರಿಗೂ ಅದೇ ಮಸುಕು ಫೋಟೋವೇ ಆಧಾರ, ನಿಜ. ಆದರೆ ಅವನು ಮಗನನ್ನು ಕೂರಿಸಿಕೊಂಡು ಕೇಳುತ್ತಿದ್ದ: ಮಚ್ಚೆ ಎಡಕ್ಕೋ ಬಲಕ್ಕೋ, ಹಲ್ಲು ಮುಂದಿತ್ತೇನು, ನಿಮ್ಮ ಕಾಕಾ ಅವರ ಹಂಗೇ ಇದ್ದಾರೇನು? ಬೇಕಾದರೆ ಕಾಕಾನನ್ನೇ ಕರೆಸಿ ನೋಡುತ್ತಿದ್ದ.

ಈಗ ಜಾಗರೂಕರಾದ ಎಡಿಟರುಗಳು ಎರಡನ್ನೂ ಬೆರೆಸುತ್ತಿದ್ದಾರೆ. ಅಂಗಿ, ಭುಜ, ಹಿನ್ನೆಲೆ ಎಐಗೆ ಬಿಟ್ಟದ್ದು. ಅದರ ಮೇಲೆ ಮೂಲ ಸ್ಕ್ಯಾನನ್ನೇ ಇನ್ನೊಂದು ಲೇಯರಾಗಿ ಇಟ್ಟು, ಬೇಕಾದಷ್ಟೇ ಜಾಗ ಕಾಣುವಂತೆ ಉಳಿದದ್ದನ್ನು ಮುಚ್ಚುವ ಮಾಸ್ಕ್ ಹಾಕಿ, ಕಣ್ಣು-ಮೂಗು-ತುಟಿಯ ಜಾಗದಲ್ಲಿ ಹಳೆಯ ಮುಖವನ್ನೇ ಮೇಲಕ್ಕೆ ತರುತ್ತಾರೆ. ಅದು ಒಡೆದು ಕಾಣುವ ಕಡೆ ಮಾತ್ರ ಸಣ್ಣ ಬ್ರಷ್ಷಿನಿಂದ ತೀಡುತ್ತಾರೆ. ವಿಭೂತಿ, ಮಚ್ಚೆ, ಗಾಯದ ಕಲೆಗೆ ಪ್ರತ್ಯೇಕ ಲೇಯರ್. ಪ್ರಿಂಟ್ ತೆಗೆಯುವ ಮುಂಚೆ ಮನೆಯವರಿಗೆ ವಾಟ್ಸ್ಯಾಪಿನಲ್ಲಿ ಕಳಿಸಿ, "ಇವರು ಹೌದಲ್ರಿ?" ಎಂದು ಕೇಳುತ್ತಾರೆ. ಅಲ್ಲ ಎಂದರೆ ಎಐನ ಲೇಯರನ್ನು ಇನ್ನಷ್ಟು ಮಸುಕು ಮಾಡಿ ಮತ್ತೆ ಕಳಿಸುತ್ತಾರೆ.