ಇಹ್ಲಾರಾ ಕಣಿವೆ: ಬೂದಿಗಲ್ಲಿನ ಚರ್ಚುಗಳು ಕಾಯುವವರಿಲ್ಲದೆ ಉಳಿದ ಕಥೆ

ಟರ್ಕಿಯ ಅಕ್ಸರಾಯ್ ಪ್ರಾಂತ್ಯದಲ್ಲಿ ಮೆಲೆಂದಿಜ್ ಹೊಳೆ ಕೊರೆದ ಇಹ್ಲಾರಾ ಕಣಿವೆ ಸೆಲಿಮೆ ಊರಿನವರೆಗೆ ಸುಮಾರು 14 ಕಿಲೋಮೀಟರ್ ಚಾಚಿದೆ. ನೂರಾರು ಮೆಟ್ಟಿಲಿಳಿದು ನೀರಿನ ಅಂಚಿಗೆ ಬಂದರೆ ಪಾಪ್ಲರ್ ಮರಗಳ ನೆರಳಿನ ಕಾಲುದಾರಿ ಸಿಗುತ್ತದೆ. ಇಕ್ಕೆಲಗಳ ಬಂಡೆಯಲ್ಲಿ ಕಡಿದ ಚರ್ಚುಗಳಿವೆ. ಒಳಹೊಕ್ಕರೆ, ಕೈಗೆಟುಕುವ ಎತ್ತರದ ಸಂತರಿಗೆಲ್ಲ ಮುಖವೇ ಇಲ್ಲ. ಆದರೆ ಅಗಾಚಾಲ್ತಿ ಚರ್ಚಿನ ಗುಮ್ಮಟದಲ್ಲಿ ಸ್ವರ್ಗಕ್ಕೇರುವ ಕ್ರಿಸ್ತನ ಚಿತ್ರ ಇಂದಿಗೂ ಗುರುತು ಸಿಗುವಂತಿದೆ.

ಈ ಹಾಳಿಗೆ ಮತದ್ವೇಷವೊಂದೇ ಕಾರಣ ಎಂದು ಹಲವರು ಸುಲಭವಾಗಿ ಹೇಳಿಬಿಡುತ್ತಾರೆ. ಕಣಿವೆಯ ಚರಿತ್ರೆ ಅಷ್ಟು ಸರಳವಲ್ಲ.

ಹಸನ್ ಪರ್ವತ ಮತ್ತು ಸುತ್ತಲಿನ ಜ್ವಾಲಾಮುಖಿಗಳು ಉಗುಳಿದ ಬೂದಿ ಪದರಪದರವಾಗಿ ಗಟ್ಟಿಯಾಗಿ ಈ ಕಲ್ಲಾಯಿತು. ಸಾಮಾನ್ಯ ಗುದ್ದಲಿಗೂ ಬಗ್ಗುವ ಕಲ್ಲಿದು. 4ನೇ ಶತಮಾನದಲ್ಲಿ ಸಿಸೇರಿಯಾದ ಬೆಸಿಲ್ ಮತ್ತು ನಾಜಿಯಾಂಜಸ್‌ನ ಗ್ರೆಗರಿ ಎಂಬ ಸಂತರು, ಈ ಕಣಿವೆಯೂ ಸೇರಿದ ಕಪಡೋಕಿಯಾ ಸೀಮೆಯ ಕ್ರೈಸ್ತ ಚಿಂತನೆಗೆ ರೂಪ ಕೊಟ್ಟರು. 7ನೇ ಶತಮಾನದಿಂದ ಅರಬ್ ದಾಳಿಗಳು ಶುರುವಾದಾಗ ಇಂಥ ಕಣಿವೆಗಳು ಆಸರೆಯಾದವು. ಆಗ ಈ ನಾಡನ್ನಾಳುತ್ತಿದ್ದ ಕ್ರೈಸ್ತ ಸಾಮ್ರಾಜ್ಯ ಬೈಜಾಂಟಿಯಂನಲ್ಲಿ ಪವಿತ್ರ ಚಿತ್ರಗಳ ಮೇಲಿನ ನಿಷೇಧ 843ರಲ್ಲಿ ಕೊನೆಗೊಂಡ ಮೇಲೆ ಈ ಸೀಮೆಯ ಗುಹಾಚರ್ಚುಗಳಲ್ಲಿ ಚಿತ್ರಕಲೆ ಮತ್ತೆ ಅರಳಿತು.

1071ರ ಮಾಂಜಿಕರ್ಟ್ ಯುದ್ಧದಲ್ಲಿ ಬೈಜಾಂಟಿಯಂ ಸೋತ ಬಳಿಕ ಇಲ್ಲಿ ಮುಸ್ಲಿಮರಾದ ಸೆಲ್ಜುಕ್ ತುರ್ಕರ ಆಳ್ವಿಕೆ ಬಂತು. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಭಾವಿಸುವವರು ಬೆಲಿಸಿರ್ಮಾ ಊರಿನ ಬಳಿಯ ಕಿರ್ಕ್ ದಾಮಾಲ್ತಿ ಚರ್ಚನ್ನು ನೋಡಲೇಬೇಕು. 13ನೇ ಶತಮಾನದ ಕೊನೆಯಲ್ಲಿ ಬರೆಸಿದ ಅಲ್ಲಿನ ಚಿತ್ರದಲ್ಲಿ ಥಾಮರ್ ಎಂಬ ಮಹಿಳೆ ಚರ್ಚಿನ ಮಾದರಿಯನ್ನು ಸಂತ ಜಾರ್ಜ್‌ಗೆ ಅರ್ಪಿಸುತ್ತಿದ್ದಾಳೆ. ಜೊತೆಗಿರುವ ಬೆಸಿಲ್ (ಮೇಲೆ ಹೇಳಿದ ಸಂತನಲ್ಲ, ಅದೇ ಹೆಸರಿನ ಬೇರೊಬ್ಬ) ತಲೆಗೆ ಪೇಟ ಸುತ್ತಿ, ಸೆಲ್ಜುಕ್ ಅಧಿಕಾರಿಯ ನಿಲುವಂಗಿ ತೊಟ್ಟಿದ್ದಾನೆ. ಶಾಸನದಲ್ಲಿ ಸುಲ್ತಾನ ಮಸೂದ್ ಮತ್ತು ಬೈಜಾಂಟೈನ್ ಚಕ್ರವರ್ತಿ ಆಂಡ್ರೋನಿಕಸ್, ಇಬ್ಬರ ಹೆಸರೂ ಇವೆ! ಕಣಿವೆಯಲ್ಲಿ ನನಗೆ ಎಲ್ಲಕ್ಕಿಂತ ಅಮೂಲ್ಯವೆನಿಸುವುದು ಈ ಮಾಸಿದ ಗೋಡೆಯೇ.

ನಿಜವಾದ ಕೊಂಡಿ ಕಳಚಿದ್ದು 1923ರಲ್ಲಿ. ಗ್ರೀಸ್ ಮತ್ತು ಟರ್ಕಿ ಧರ್ಮದ ಆಧಾರದಲ್ಲಿ ಜನರನ್ನು ವಿನಿಮಯ ಮಾಡಿಕೊಳ್ಳಲು ಒಪ್ಪಿದವು. ಕಪಡೋಕಿಯಾದ ಅನೇಕ ಕ್ರೈಸ್ತರ ಮನೆಮಾತು ಟರ್ಕಿಶ್. ಆದರೂ ಅವರು ಹೊರಡಲೇಬೇಕಾಯಿತು. ಪಕ್ಕದ ಗೆಲ್ವೆರಿಯವರು, ಅಂದರೆ ಇಂದಿನ ಗ್ಯುಜೆಲ್ಯುರ್ತ್‌ನವರು, ನಾಜಿಯಾಂಜಸ್‌ನ ಆ ಸಂತ ಗ್ರೆಗರಿಯ ಅವಶೇಷಗಳನ್ನು ಹೊತ್ತು ಗ್ರೀಸ್‌ನ ನಿಯಾ ಕರ್ವಾಲಿಯಲ್ಲಿ ನೆಲೆಸಿದರು. ಗುಹೆಗಳನ್ನು ತಮ್ಮವೆಂದು ನೋಡಿಕೊಳ್ಳುವ ಜನವೇ ಇಲ್ಲವಾದರು.

ಕೆತ್ತಲು ಒದಗಿದ ಮೆತ್ತನೆಯ ಗುಣವೇ ಈಗ ಕಲ್ಲಿಗೆ ಮುಳುವಾಗಿದೆ. ಬಿರುಕಿಗಿಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಬಂಡೆ ಸೀಳುತ್ತದೆ, ಗಾರೆ ಕಳಚುತ್ತದೆ. ಅದರ ಮೇಲೆ ತಮ್ಮ ಹೆಸರು ಗೀರಿ ಹೋಗುವವರ ಹಾವಳಿ ಬೇರೆ. 1985ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರಿದ, ಕಪಡೋಕಿಯಾದ್ದೇ ಆದ ಗೋರೆಮೆಗೆ ಸಿಗುವಷ್ಟು ಗಮನ ಇಹ್ಲಾರಾಕ್ಕೆ ಸಿಗುವುದಿಲ್ಲ. ಹೊಳೆಯ ದಡದ ದಾರಿಯನ್ನು ಚೆನ್ನಾಗಿಡುವುದು ಒಳ್ಳೆಯದೇ. ಅದಕ್ಕಿಂತ ತುರ್ತಾಗಿ, ಚಿತ್ರಗಳಿರುವ ಪ್ರತಿ ಗುಹೆಗೂ ನೀರು ಇಳಿಯದಂತೆ ಮಾಡುವ ದುರಸ್ತಿ ಮತ್ತು ಒಬ್ಬ ಕಾವಲುಗಾರ ಬೇಕು.